ಹೆಸರು ಕೇಳದ ಲಾಡಸಾಬ

ಲಕ್ಷ್ಮೇಶ್ವರದ ಹಳೆಯ ಮಸೀದಿಯಲ್ಲಿ ತೂಗುವ ಕಲ್ಲಿನ ಸರಪಳಿ ಲಾಡಸಾಬನ ಬಾಯಲ್ಲಿ ವರ್ಷಕ್ಕೊಂದು ಗೇಣು ಬೆಳೆಯುತ್ತಿತ್ತು. ನೋಡಲು ಬಂದವರಿಗೆ, "ಬಿಚ್ಚಿ ಎಳದ್ರ ಗದಗ ಮುಟ್ಟತೈತ್ರಿ. ತಿರುಗಿ ಸುತ್ತಾಕ ಆಳು ಸಿಗೂದಿಲ್ಲಂತ ಬಿಟ್ಟೇವಿ" ಎನ್ನುತ್ತಿದ್ದ.

ಇಂಥವನು ಒಂದು ವಿಷಯದಲ್ಲಿ ಮಾತ್ರ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದ. ಮಸೀದಿಗೆ ಅಂಟಿದ, ದಾರಿಹೋಕರು ಇಳಿಯುವ ಮುಸಾಫರಖಾನೆಯ ಕಾವಲು ಅವನ ಮುತ್ತಜ್ಜನಿಂದ ಬಂದದ್ದು, ಸಂಸಾರವೂ ಅಲ್ಲೇ. ಇಳಿದವರ ಹೆಸರು, ಜಾತಿ ಕೇಳಬಾರದು, ಹೋದ ಮೇಲೆ ಯಾರಿದ್ದರೆಂದು ಹೇಳಬಾರದು. ಅದು ಮನೆತನದ ರಿವಾಜು.

ರಜಾಕಾರರ ಗದ್ದಲದ ವರ್ಷ ನಿಜಾಮನ ಸೀಮೆಯಿಂದ ಮುಂಡರಗಿ ದಾಟಿ ಒಬ್ಬ ತರುಣ ಓಡಿ ಬಂದ. ಅಂಗಿಯೊಳಗೆ ಜನಿವಾರ ಕಂಡರೂ ಲಾಡಸಾಬ ಏನೂ ಕೇಳಲಿಲ್ಲ. ಎರಡು ದಿನ ಬರೀ ನೀರು ಕುಡಿದವನು ಮೂರನೆಯ ದಿನ ಲಾಡಸಾಬನ ಹೆಂಡತಿ ಗೌಸಬಿಯ ರೊಟ್ಟಿಗೆ ಕೈ ಚಾಚಿದ. ಮೂರು ತಿಂಗಳಲ್ಲಿ ಅವನು ತಿಂದ ರೊಟ್ಟಿ ಒಂದರ ಮೇಲೊಂದು ಇಟ್ಟಿದ್ದರೆ ಮಿನಾರಕ್ಕಿಂತ ಎರಡು ಮೊಳ ಮೇಲೆ ಹೋಗುತ್ತಿತ್ತು. ಹೊರಡುವಾಗ ಗೌಸಬಿಯ ಕಾಲು ಮುಟ್ಟಿ, "ಅವ್ವಾ, ಈ ಮನಿ ಮರಿಯೂದಿಲ್ಲ" ಎಂದ.

ಕರ್ನಾಟಕ ಒಂದಾದ ವರ್ಷ, ಬಳಕೆ ತಪ್ಪಿದ ಕಟ್ಟಡಗಳಿಗೆ ಬೀಗ ಹಾಕಲು ಸರಕಾರದ ಸಾಹೇಬರೊಬ್ಬರು ಬಂದರು. ಸರಪಳಿ ನೋಡಿ ನಕ್ಕರು. ಮುಸಾಫರಖಾನೆಗೆ ಬಂದಾಗ ನಗು ನಿಂತಿತು.

"ಇಲ್ಲಿ ಮಂದಿ ಇಳೀತಾರ ಅನ್ನಾಕ ಸಾಕ್ಷಿ ಏನೈತಿ? ಒಬ್ಬರ ಹೆಸರಾದ್ರೂ ಹೇಳು."

ಲಾಡಸಾಬನ ಹತ್ತಿರ ಹೆಸರೆಲ್ಲಿಂದ ಬರಬೇಕು? ಅಷ್ಟರಲ್ಲಿ ಸಾಹೇಬರ ಹಿಂದೆ ಕಾಗದ ಹಿಡಿದು ನಿಂತ ಕಾರಕೂನನನ್ನು ಕಂಡ. ತಲೆಗೆ ಕರಿ ಟೊಪ್ಪಿಗೆ ಬಂದಿತ್ತು, ಹೊಟ್ಟೆ ಬಂದಿತ್ತು, ಮುಖ ಮಾತ್ರ ಓಡಿ ಬಂದಿದ್ದ ಆ ತರುಣನದೇ. ಲಾಡಸಾಬನ ಎದೆ ಹಗುರಾಯಿತು. ಇನ್ನು ಮನೆ ಉಳಿದಂತೆಯೇ.

"ಗೋಪಾಲರಾಯರ, ನೀವು ನಿಜಾಮನ ಕಡಿಯವರು. ಗದ್ದಲದಾಗ ಇಲ್ಲೆ ಯಾರರ ಇಳದದ್ದು ಗೊತ್ತೇನು?" ಎಂದರು ಸಾಹೇಬರು.

ಎಂಟು ವರ್ಷಕ್ಕೆ ಹೆಸರು ತಿಳಿಯಿತು. ಗೋಪಾಲ, ಪಂಚನಾಮೆಗೆ ಸಾಕ್ಷಿಯಾಗಿ ಬಂದು ಪಕ್ಕದಲ್ಲಿ ನಿಂತಿದ್ದ, ತನಗೆ ಹೆಣ್ಣು ಕೊಟ್ಟ ಮಾವ ಮಾರ್ತಾಂಡಭಟ್ಟರನ್ನು ನೋಡಿದ. ಗೌಸಬಿಯ ಒಲೆಯನ್ನೂ ನೋಡಿದ.

"ಇಲ್ಲರಿ. ನಾ ಇಲ್ಲೆ ಕಾಲಿಟ್ಟದ್ದು ಇವತ್ತೇ."

ಗೌಸಬಿ ಬಾಯಿ ತೆರೆದಳು. ಲಾಡಸಾಬ ಕಣ್ಣಲ್ಲೇ ತಡೆದ.

"ಏನರ ಹೇಳೂದೈತೇನು?" ಸಾಹೇಬರು ಕೇಳಿದರು.

"ಇಲ್ಲರಿ ಸಾಹೇಬ್ರ. ರಾಯರನ್ನ ನಾ ಕಂಡೇ ಇಲ್ಲ."

ಅಷ್ಟು ಗಿಡ್ಡ ಸುಳ್ಳನ್ನು ಅವನು ಹುಟ್ಟಿದಂದಿನಿಂದ ಹೇಳಿರಲಿಲ್ಲ.

ಸಾಮಾನು ಹೊರಗೆ ಬಂತು. ಸಿಪಾಯಿ ಬಾಗಿಲು ಮುಚ್ಚಲು ಹೋದರೆ ಅದು ಒಪ್ಪಲಿಲ್ಲ. ಎಳೆದ, ಒದ್ದ, ಬೆವೆತ. ಗೋಪಾಲ ತಲೆ ಎತ್ತದೆ ಬಂದು ಕೆಳಗಿನ ಹಲಗೆಗೆ ಕಾಲ್ಬೆರಳು ಕೊಟ್ಟು, ಭುಜದಿಂದ ಒಂದಿಷ್ಟು ಎತ್ತಿ ತಳ್ಳಿದ. ಬಾಗಿಲು ಸದ್ದಿಲ್ಲದೆ ಕೂತಿತು. ಬೀಗ ಬಿತ್ತು.

"ಮನಿ ಮರ್ತಿಲ್ಲ ನೋಡ್ರಿ," ಎಂದಳು ಗೌಸಬಿ, ರೊಟ್ಟಿ ಹಂಚು ಎತ್ತಿಕೊಳ್ಳುತ್ತ.

ಆಮೇಲೂ ಮಸೀದಿ ನೋಡಲು ಜನ ಬಂದರು. ಸರಪಳಿ ಎಷ್ಟುದ್ದ ಎಂದು ಕೇಳಿದರೆ ಲಾಡಸಾಬ ಕತ್ತೆತ್ತಿ, "ಕಾಣತೈತಲ್ಲರಿ, ಅಷ್ಟ" ಎನ್ನುತ್ತಿದ್ದ.