ಸಿಮೆಂಟಿನ ಹನುಮಕ್ಕ

ಕುಮಟಾದಲ್ಲಿ ಮೀನುಪೇಟೆಗೆ ತಿರುಗುವ ಮೂಲೆಯೆದುರು ನನ್ನದೊಂದು ಝೆರಾಕ್ಸ್ ಅಂಗಡಿ. ಊರಿನ ಗುಟ್ಟೆಲ್ಲ ನನ್ನ ಗಾಜಿನ ಮೇಲೆ ಒಮ್ಮೆ ಬೋರಲು ಮಲಗಿಯೇ ಮುಂದೆ ಹೋಗಬೇಕು. ಹಾಗಾಗಿ ಹನುಮಕ್ಕನ ಕತೆ ಹೇಳುವ ಅಧಿಕಾರ ನನಗಿದೆ. ಯೋಗ್ಯತೆ ಇದೆಯೋ ಇಲ್ಲವೋ ಎಂಬುದು ಬೇರೆ ವಿಷಯ.

ಹನುಮಕ್ಕ ಹೊಳನಗದ್ದೆಯವಳು. ವಯಸ್ಸು ಅರವತ್ತೋ ಅರವತ್ತೆರಡೋ, ಆಧಾರ್ ಕಾರ್ಡಿನಲ್ಲಿ ಮಾತ್ರ ಐವತ್ತೊಂದು. ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಬಂದು ನನ್ನ ಅಂಗಡಿಯ ಎದುರಿನ ಮೂಲೆಯಲ್ಲಿ ಕೂರುತ್ತಾಳೆ. ಹರಿವೆ, ಬಸಳೆ, ಹೀರೆಕಾಯಿ, ಹಾಗಲಕಾಯಿ, ಎಲ್ಲ ತನ್ನ ಹಿತ್ತಲದ್ದೇ. ಸೊಪ್ಪಿನ ಕಟ್ಟು ಕಟ್ಟುವಾಗ ಬಾಯಲ್ಲಿ ಯಾವುದೋ ಉದ್ದನೆಯ ಹಾಡು ನಡೆದಿರುತ್ತದೆ. ಗಿರಾಕಿ ಬಂದರೆ ಹಾಡು ನಿಲ್ಲುತ್ತದೆ, ಹೋದ ಮೇಲೆ ನಿಂತಲ್ಲಿಂದಲೇ ಮತ್ತೆ ಹೊರಡುತ್ತದೆ. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ, ಅದು ಮುಗಿದದ್ದನ್ನು ಇನ್ನೂ ಕಂಡಿಲ್ಲ.

ನಮ್ಮ ಪೇಟೆಯಲ್ಲಿ ತರಕಾರಿ ಮಾರುವ ಹೆಂಗಸರದ್ದೊಂದು ಕಟ್ಟಳೆಯಿದೆ. ಕೂರುವಲ್ಲಿ ಒಂದು ಕೆಂಪು ಚಿರೆಕಲ್ಲು ಇಟ್ಟರೆ ಆ ಜಾಗ ಅವಳದ್ದು. ಅವಳು ಜ್ವರ ಬಂದು ಹದಿನೈದು ದಿನ ಮಲಗಿದರೂ ಇನ್ನೊಬ್ಬಳು ಅಲ್ಲಿ ಕೂರುವುದಿಲ್ಲ. ಹನುಮಕ್ಕನ ಕಲ್ಲು ಅವಳ ಅತ್ತೆ ಇಟ್ಟದ್ದು. ಇದಕ್ಕೆ ಪಹಣಿ ಇಲ್ಲ, ಖಾತೆ ಇಲ್ಲ, ವಕೀಲರಿಲ್ಲ. ಜಗಳ ಇಲ್ಲದ್ದೂ ಅದಕ್ಕೇ ಇರಬೇಕು.

ಹೀಗಿರುವಾಗ ಚೌತಿ ಮುಗಿಯಿತು. ಗಣಪತಿಗಳೆಲ್ಲ ನೀರಿಗೆ ಹೋದವು. ಉತ್ತರೆ ಮಳೆ ಬಂದಂತೆ ಮಾಡಿ ಹೋಯಿತು. ಮೂರು ತಿಂಗಳು ಬೂಸ್ಟು ಹಿಡಿದಿದ್ದ ಚಪ್ಪಲಿ, ಬೆಲ್ಟುಗಳು ಬಿಸಿಲಿಗೆ ಬಂದವು. ಅದೇ ಹೊತ್ತಿಗೆ ಲಾಡ್ಜ್ ಇಟ್ಟಿರುವ ಮೋಹನಣ್ಣನಿಗೆ ಊರಿನ ಚಿಂತೆ ಹತ್ತಿತು. ಪ್ರವಾಸಿಗರು ಅತ್ತ ಗೋಕರ್ಣದಲ್ಲಿ ಇಳಿಯುತ್ತಾರೆ, ಇತ್ತ ಮುರ್ಡೇಶ್ವರದಲ್ಲಿ ಇಳಿಯುತ್ತಾರೆ, ಕುಮಟಾದಲ್ಲಿ ಮಾತ್ರ ಮೂತ್ರಕ್ಕೆ ಇಳಿಯುತ್ತಾರೆ. ಈ ಅವಮಾನ ತಡೆಯಲಾರದೆ ಮೋಹನಣ್ಣ ‘ಕಡಲೂರ ಸಿರಿ ಸಮಿತಿ’ ಎಂಬುದನ್ನು ಹುಟ್ಟಿಸಿ ತಾನೇ ಅಧ್ಯಕ್ಷನಾದ. ಅವನನ್ನು ನೇಮಿಸಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ಲೆಟರ್‌ಹೆಡ್ ಮಾಡಿಕೊಟ್ಟವನು ನಾನು. ಆಮೇಲೆ ಮೋಹನಣ್ಣ ದುರ್ಗ ಎಂಬ ಐವತ್ತರ ಆಸಾಮಿಗೆ ಒಂದು ಕಿತ್ತಳೆ ಜಾಕೀಟು, ಒಂದು ಸೀಟಿ ಕೊಟ್ಟು ಕಾವಲಿಗೆ ಹಾಕಿದ. ಲೆಟರ್‌ಹೆಡ್ಡೂ ಸೀಟಿಯೂ ಸೇರಿದರೆ ನಮ್ಮೂರಲ್ಲಿ ಅದು ಸರಕಾರವೇ.

ಸಮಿತಿಯ ಮೊದಲ ಠರಾವು: ಸೆಪ್ಟೆಂಬರ್ ಇಪ್ಪತ್ತೇಳರ ಪ್ರವಾಸೋದ್ಯಮ ದಿನಕ್ಕೆ ಮೂಲೆಯಲ್ಲಿ ತರಕಾರಿ ಮಾರುವ ಹೆಣ್ಣಿನ ಪ್ರತಿಮೆ. ಮಾದರಿಗೆ ದೂರ ಹುಡುಕಬೇಕಿರಲಿಲ್ಲ. ಮಾದರಿ ಮೂಲೆಯಲ್ಲೇ ಕೂತಿತ್ತು. ಹನುಮಕ್ಕನನ್ನು ಕೇಳಲು ನನ್ನನ್ನೇ ಕಳಿಸಿದರು. ಅವಳು, ತನ್ನ ಗೊಂಬೆಯನ್ನೇ ಅಲ್ಲಿ ಕೂರಿಸಿದ ಮೇಲೆ ತನ್ನನ್ನು ಅಲ್ಲಿಂದ ಎಬ್ಬಿಸುವವರು ಯಾರು ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಆಗ ನಾನೂ ಹಾಗೇ ನಂಬಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಆ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಪ್ರತಿಮೆ ಮಾಡಲು ಬಂದವನು ಬೆಳಕೆಯ ಮಾಬ್ಲ. ಮೂವತ್ತು ವರ್ಷ ಗಣಪತಿ ಮಾಡಿದ ಕೈ, ಚೌತಿ ಕಳೆದರೆ ಖಾಲಿ. ಖಾಲಿ ಕೈ ಕಡಿಮೆ ದರಕ್ಕೆ ಸಿಗುತ್ತದೆಂಬುದು ಮೋಹನಣ್ಣನ ಲೆಕ್ಕ. ಹನುಮಕ್ಕನನ್ನು ಐದಾರು ಅಡಿ ಪಕ್ಕಕ್ಕೆ ಸರಿಸಿ, ನಾಲ್ಕು ದಿನದ ಮಟ್ಟಿಗೆ ಮಾತ್ರ ಎಂದು ಹೇಳಿ, ಅಡಿಪಾಯ ತೋಡಿದರು. ಅತ್ತೆಯ ಚಿರೆಕಲ್ಲು ಕಾಂಕ್ರೀಟಿನ ಕೆಳಗೆ ಹೋಯಿತು. ಕಲ್ಲು ಗಟ್ಟಿಯಾಗಿ ಕೂತಿತು ಎಂದು ಹನುಮಕ್ಕ ಖುಷಿಪಟ್ಟಳು.

ಮಾಬ್ಲನ ಕೈಗೆ ಗೊತ್ತಿದ್ದದ್ದು ಒಂದೇ ಆಕಾರ. ಎಂಟು ದಿನದ ಮೇಲೆ ಎದ್ದು ಬಂದ ಹೆಣ್ಣಿಗೆ ದೊಡ್ಡ ಹೊಟ್ಟೆ, ಮಡಚಿದ ಒಂದು ಕಾಲು, ಮೊರದಗಲದ ಕಿವಿ. ಹನುಮಕ್ಕ ಸುತ್ತು ಹಾಕಿ ನೋಡಿದಳು.

“ಮಾಬ್ಲಣ್ಣ, ಸೊಂಡ್ಲೊಂದು ಬಾಕಿ ಅಲ್ದಾ?”

ಪಾಪ, ಅವನು ನಾಚಿಕೊಂಡು ಹೊಟ್ಟೆ ಕೆತ್ತಿ ಇಳಿಸಿದ, ಕಿವಿ ಕತ್ತರಿಸಿದ. ಆಮೇಲೆ ಬುಟ್ಟಿಯ ತಗಾದೆ. ಬಣ್ಣ ಎದ್ದು ಕಾಣಲಿ ಎಂದು ಮೋಹನಣ್ಣ ಸಿಮೆಂಟಿನ ಕ್ಯಾರೆಟ್, ಸಿಮೆಂಟಿನ ಕೋಸು ತುಂಬಿಸಲು ಹೇಳಿದ್ದ. ಅಲ್ಲಿಯವರೆಗೆ ನಗುತ್ತಿದ್ದ ಹನುಮಕ್ಕನಿಗೆ ಸಿಟ್ಟು ಬಂತು. ಹೊಳನಗದ್ದೆಯಲ್ಲಿ ಕ್ಯಾರೆಟ್ ಬೆಳೆದವರು ಯಾರು ಎಂದು ಕೇಳಿದಳು. ಹೋಗಲಿ, ಹೀರೆಕಾಯಿ ಮಾಡುತ್ತೇನೆ ಎಂದ ಮಾಬ್ಲ. ಹೀರೆಕಾಯಿ ಈಗ ಸರಿ, ಈರುಳ್ಳಿ ಬರುವ ಕಾಲಕ್ಕೆ ಅದೂ ಸುಳ್ಳಾಗುತ್ತದಲ್ಲ ಎಂದಳು. ಕಡೆಗೆ ಬುಟ್ಟಿಯನ್ನು ಖಾಲಿ ಬಿಡುವುದೆಂದು ತೀರ್ಮಾನವಾಯಿತು. ನೀರು ನಿಂತು ಸೊಳ್ಳೆಯಾಗದಿರಲಿ ಎಂದು ಮಾಬ್ಲ ತಳದಲ್ಲಿ ಒಂದು ತೂತು ಬಿಟ್ಟ. ಇಡೀ ಸಮಿತಿಯಲ್ಲಿ ಯಾರಾದರೂ ಬುದ್ಧಿ ಉಪಯೋಗಿಸಿದ ಗುರುತು ಆ ತೂತು ಮಾತ್ರ.

ಉದ್ಘಾಟನೆಯ ದಿನ ಹನುಮಕ್ಕನಿಗೆ ಶಾಲು ಹೊದಿಸಿದರು. ಶಾಲಿನ ಜೊತೆ ಒಂದು ಹಾಡೂ ಆಗಲಿ ಎಂದು ಮೋಹನಣ್ಣ ಮೈಕು ಹಿಡಿದ. ಅವಳು ಮೈಕಿನಲ್ಲೇ ಹೇಳಿದಳು: “ಗದ್ದೆ ನಟ್ಟಿಗೆ ಹಾಡು ಅದೆ, ಬೀಸೂಕೆ ಹಾಡು ಅದೆ, ಮದ್ವಿಗೆ ಅದೆ. ರಿಬ್ಬನ್ ಕತ್ತರ್ಸೂಕೆ ನಮ್ಮಲ್ಲಿ ಹಾಡಿಲ್ಲ.” ಜನ ಚಪ್ಪಾಳೆ ತಟ್ಟಿದರು. ಜನಪದ ಎಂದರೆ ಇದೇ ಎಂದು ಮೋಹನಣ್ಣನೂ ತಟ್ಟಿದ.

ಮರುದಿನ ಬೆಳಿಗ್ಗೆ ಅವಳು ಬುಟ್ಟಿಯೊಂದಿಗೆ ಬಂದು ಪ್ರತಿಮೆಯ ಬುಡದಲ್ಲಿ ಇನ್ನೇನು ಕೂರಬೇಕು, ದುರ್ಗ ಸೀಟಿ ಊದಿದ. ಹಗ್ಗ ಕಟ್ಟಿತ್ತು. ಹಗ್ಗಕ್ಕೊಂದು ಬೋರ್ಡು ತೂಗಿತ್ತು. ಅವಳಿಗೆ ಓದು ಬಾರದು. ನನ್ನನ್ನು ಕರೆದಳು. ಓದಿದೆ: “ದುಡಿಯುವ ಕೈಗಳಿಗೆ ನಮನ. ಪ್ರತಿಮೆಯ ಸುತ್ತ 10 ಅಡಿಯೊಳಗೆ ಕುಳಿತು ವ್ಯಾಪಾರ ಮಾಡುವುದನ್ನು ನಿಷೇಧಿಸಲಾಗಿದೆ.”

“ಇದ್ನ ಮಾಡ್ದವ್ರು ಯಾರು ತಮ್ಮಾ?”

“ನಾನೇ, ಹನುಮಕ್ಕ.”

ಅವಳು ಬೋರ್ಡಿನ ಮೇಲೆ ಬೆರಳಾಡಿಸಿದಳು. ಮಳೆಗೆ ಕೆಡಬಾರದೆಂದು ಲ್ಯಾಮಿನೇಷನ್ ಬೇರೆ ಮಾಡಿಕೊಟ್ಟಿದ್ದೆ. “ಅಕ್ಷರ ಚಂದ ಬಂದದೆ,” ಎಂದಳು. ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದಿದ್ದರೆ ಅಂದು ಮಧ್ಯಾಹ್ನ ನನಗೆ ಊಟ ಸೇರುತ್ತಿತ್ತು.

ಬೇರೆ ಕಡೆ ಕೂರೋಣವೆಂದರೆ ಪೇಟೆಯ ಉದ್ದಕ್ಕೂ ಒಂದೊಂದು ಕಲ್ಲು, ಕಲ್ಲಿಗೊಬ್ಬಳು ಯಜಮಾನಿ. ಎರಡು ದಿನ ತಲೆ ಮೇಲೆ ಬುಟ್ಟಿ ಹೊತ್ತು ಮನೆ ಮನೆ ತಿರುಗಿದಳು. ಬಾಡಿದ ಹರಿವೆಯನ್ನು ಸಂಜೆ ದನಕ್ಕೆ ಹಾಕಿದಳೆಂದು ಕೇಳಿದೆ. ಇತ್ತ ಅವಳ ಹಳೆಯ ಗಿರಾಕಿಗಳು ಕಾಲಿನ ಅಭ್ಯಾಸದಂತೆ ಮೂಲೆಗೇ ಬಂದು, ಸಿಮೆಂಟಿನ ಹನುಮಕ್ಕನ ಮುಖ ನೋಡಿ ಹೋಗುತ್ತಿದ್ದರು. ಹಗ್ಗದಿಂದ ರಸ್ತೆ ದಾಟಿದರೆ ನನ್ನ ಅಂಗಡಿಯ ಮೆಟ್ಟಿಲು. ಅದು ಹತ್ತು ಅಡಿಯ ಆಚೆಯೇ ಇದೆ. ಅದು ನನಗೂ ಗೊತ್ತಿತ್ತು. ಝೆರಾಕ್ಸಿಗೆ ಬರುವವರಿಗೆ ಅಡ್ಡವಾದೀತು ಎಂದು ಬಾಯಿ ಮುಚ್ಚಿ ಕೂತಿದ್ದೆ.

ಮೂರನೆಯ ದಿನ ಹನುಮಕ್ಕ ಬಂದವಳೇ ಹಗ್ಗದ ಮೇಲಿಂದ ಬಾಗಿ, ಸಿಮೆಂಟಿನ ಬುಟ್ಟಿಯೊಳಗೆ ಹೀರೆಕಾಯಿ, ಹಾಗಲಕಾಯಿ, ಎರಡು ಸಿಂಬಿ ಬಸಳೆ ಜೋಡಿಸಿದಳು. ಆಮೇಲೆ ದೂರ ಹೋಗಿ ರಿಕ್ಷಾ ಕಾಯುವವರ ಜೊತೆ ನಿಂತಳು. ಗಿರಾಕಿಗಳು ಪ್ರತಿಮೆಯ ಬುಟ್ಟಿಗೆ ಕೈ ಹಾಕಿ ಆರಿಸಿಕೊಂಡು, ಹೋಗುವಾಗ ಅವಳ ಕೈಗೆ ದುಡ್ಡು ಕೊಟ್ಟು ಹೋದರು. ದುರ್ಗ ಸೀಟಿಯನ್ನು ಬಾಯಿಗಿಟ್ಟು ಹಾಗೇ ನಿಂತ. ಬೋರ್ಡಿನಲ್ಲಿದ್ದದ್ದು ಕುಳಿತು ವ್ಯಾಪಾರ ಮಾಡುವವರ ಮಾತು. ಇಲ್ಲಿ ಕುಳಿತದ್ದು ಪ್ರತಿಮೆ. ಅದನ್ನು ಎಬ್ಬಿಸುವುದು ಹೇಗೆ?

ಸುದ್ದಿ ಮುಟ್ಟಿ ಮೋಹನಣ್ಣ ಬರುವಷ್ಟರಲ್ಲಿ ಗೋಕರ್ಣದ ದಾರಿಯ ಎರಡು ಕಾರು ನಿಂತು ಫೋಟೋ ನಡೆದಿತ್ತು. ಸಿಟ್ಟಿನಲ್ಲಿ ಬಂದವನು ಕಾರು ನೋಡಿ ತಣ್ಣಗಾದ. ಇದು ತನ್ನದೇ ಯೋಜನೆ ಎಂದು ಆ ಪ್ರವಾಸಿಗರಿಗೆ ವಿವರಿಸಿದ. ಸಂಜೆ ನನ್ನಲ್ಲಿ ಒಂದು ಪತ್ರ ಟೈಪು ಮಾಡಿಸಿದ: ಹನುಮಕ್ಕ ಎಂಬವರು ಪ್ರತಿದಿನ ಎಂಟು ಗಂಟೆಗೆ ತಪ್ಪದೆ ಬುಟ್ಟಿ ತುಂಬತಕ್ಕದ್ದು. ಅವಳು ಕೂರುವುದು ಎಲ್ಲಿ ಎಂಬ ಮಾತು ಪತ್ರದಲ್ಲಿ ಇರಲಿಲ್ಲ.

ಹೀಗೆ ಒಂದು ವಾರ. ಪ್ರತಿಮೆ ಆರಾಮಾಗಿ ಕೂತಿತ್ತು, ಹನುಮಕ್ಕ ಹಸ್ತ ನಕ್ಷತ್ರದ ಬಿಸಿಲಿನಲ್ಲಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿದ್ದಳು. ನಿಂತಲ್ಲಿ ಸೊಪ್ಪು ಕಟ್ಟಲಾಗುವುದಿಲ್ಲ, ಕೈಗೆ ಕೆಲಸವಿಲ್ಲದೆ ಅವಳಿಗೆ ಹಾಡು ಬರುವುದಿಲ್ಲ. ಎಂಟನೆಯ ದಿನ ನನಗೆ ಆ ಮೌನ ತಡೆಯಲಾಗಲಿಲ್ಲ. ಕುರ್ಚಿ ತಂದು ಮೆಟ್ಟಿಲ ಮೇಲಿಟ್ಟು ಕೂರಲು ಹೇಳಿದೆ. ಅದು ನಿನ್ನ ಗಿರಾಕಿಗಳ ಜಾಗ, ನಾನು ಕೂರಬಾರದು ಎಂದಳು. ನಾಚಿಕೆಯಾಯಿತು. ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋದವನು ಹಿತ್ತಲಿನಿಂದ ಒಂದು ಚಿರೆಕಲ್ಲು ಸ್ಕೂಟರಿನಲ್ಲಿ ತಂದು ಮೆಟ್ಟಿಲಿನ ಬಲಬದಿಗೆ ಇಟ್ಟೆ.

ಬೆಳಿಗ್ಗೆ ಅವಳು ಆ ಕಲ್ಲನ್ನು ನೋಡಿದಳು. ಯಾರದ್ದು ಎಂದು ಕೇಳಿದಳು. ನಿನ್ನದೇ ಎಂದೆ. ಕೂತಳು. ಹರಿವೆಯ ಎರಡನೆಯ ಕಟ್ಟಿಗೆ ಹಾಡು ಶುರುವಾಯಿತು.

ನಾಲ್ಕು ದಿನ ಬಿಟ್ಟು ಮೋಹನಣ್ಣ ಆ ಬೋರ್ಡು ಹಿಡಿದುಕೊಂಡೇ ಬಂದ. ಈ ಮುದುಕಿ ಇಲ್ಲಿ ಕೂತರೆ ಫೋಟೋದಲ್ಲಿ ಹಿಂದೆ ಕಾಣುತ್ತಾಳಂತೆ, ಅಸಲಿ ಯಾವುದು ನಕಲಿ ಯಾವುದು ಎಂದು ಪ್ರವಾಸಿಗರಿಗೆ ಗೊಂದಲವಂತೆ.

“ದೊಡ್ಡ ಕೆಲ್ಸ ಅಲ್ಲ ಮಾರಾಯ,” ಎಂದ. “ಹತ್ತು ಅಡಿ ಅಂತ ಇರೋದ್ಕೆ ಒಂದು ಸೊನ್ನೆ ಹಾಕಿ ನೂರು ಮಾಡ್ಕೊಡು, ಆತು.”

ಮೆಷಿನ್ ಕೆಟ್ಟಿದೆ ಎಂದೆ. ನನ್ನ ಬೆನ್ನ ಹಿಂದೆ ಯಾರದೋ ರೇಷನ್ ಕಾರ್ಡಿನ ಪ್ರತಿಗಳು ಗರಗರನೆ ಹೊರಬೀಳುತ್ತಿದ್ದವು. ಮೋಹನಣ್ಣ ಅದನ್ನು ನೋಡಿದ, ನನ್ನನ್ನು ನೋಡಿದ. ರಿಪೇರಿ ಎಂದಿಗೆ ಆಗುತ್ತದೆ ಎಂದು ಕೇಳಿದ.

ಈ ಮೆಷಿನ್ನಿನ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ ಎಂದೆ.