ಅಕ್ಕನ "ನೋಡೋಣ"

ನಮ್ಮಕ್ಕನ ಕೆಲಸ ಏನು ಅಂತ ಯಾರಾದರೂ ಕೇಳಿದರೆ "ಕಾವಲುಗಾರರಿಗೆ ಮಾತು ಕಲಿಸೋದು" ಅಂದುಬಿಡುತ್ತೇನೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ಎಲ್ಲ ಪ್ರೋಗ್ರಾಮುಗಳಿಗೂ ಯಜಮಾನನಂತೆ ಒಂದು ಭಾಗ ಇರುತ್ತದಂತೆ, ಕರ್ನೆಲ್ ಅಂತ. ಯಾರು ಯಾವ ಫೈಲು ತೆಗೆಯಬಹುದು ಅಂತ ನೋಡಿಕೊಳ್ಳಲು ಅಲ್ಲಿ ಕೋಡಿನ ನೂರಾರು ಪುಟ್ಟ ತುಣುಕುಗಳಾದ ಫಂಕ್ಷನ್‌ಗಳು ಕಾವಲು ಕೂತಿರುತ್ತವೆ. ಕೇಳಿದವರಿಗೆ ಅವು ಒಂದು ಸಂಖ್ಯೆ ಹೇಳಬೇಕು. ಸೊನ್ನೆ ಅಂದರೆ ಒಳಗೆ ಬಾ, ಸೊನ್ನೆಗಿಂತ ಕಡಿಮೆ ಅಂದರೆ ಆಚೆ ನಡಿ. ಆದರೆ ಬರೆದವರು ಹತ್ತಾರು ಜನ, ಒಬ್ಬೊಬ್ಬರದು ಒಂದೊಂದು ರಾಗ. ಯಾವನೋ ಪುಣ್ಯಾತ್ಮ "ಬೇಡ" ಅನ್ನಲು ಒಂದು ಅನ್ನುವ ಸಂಖ್ಯೆ ಬರೆದಿದ್ದ. ಕೇಳುವ ಕಡೆಯವನೋ, ಸೊನ್ನೆಗಿಂತ ಕಡಿಮೆ ಇದೆಯಾ ಅಂತ ಮಾತ್ರ ನೋಡುತ್ತಿದ್ದ. ಇಲ್ಲವಲ್ಲ, ಸರಿ, ಬಾಗಿಲು ತೆರೆದೇಬಿಟ್ಟಿತು!

ಎರಡು ವರ್ಷದಿಂದ ಅಕ್ಕ ಅವನ್ನೆಲ್ಲ ಒಂದೊಂದಾಗಿ ಕಿವಿ ಹಿಡಿದು ದಾರಿಗೆ ತರುತ್ತಿದ್ದಾಳೆ. ಊಟದ ಮೇಜಿನ ಅರ್ಧ ಅವಳ ಲ್ಯಾಪ್‌ಟಾಪಿಗೆ. ಉಳಿದರ್ಧದಲ್ಲಿ ಅಕ್ಕ, ಭಾವ, ಅವರ ಮಗಳು ಪುಟ್ಟಿ, ಅವರ ಜೊತೆಗೇ ಇರುವ ನಾನು ತಟ್ಟೆ ಇಟ್ಟುಕೊಳ್ಳಬೇಕು. "ಇಷ್ಟು ವರ್ಷ ನಡೀತಿತ್ತಲ್ಲ, ಈಗ್ಯಾಕೆ ಮುಟ್ಟೋದು?" ಅಂತ ಆ ಕೋಡ್ ನೋಡಿಕೊಳ್ಳುವ ಹಿರಿಯರೊಬ್ಬರು ಮೇಲ್ ಹಾಕಿದ ದಿನ ನಮ್ಮ ಪಾತ್ರೆಗಳಿಗೆ ಗ್ರಹಚಾರ ಕಾದಿತ್ತು.

"ಹೂಂ ಅನ್ಬೇಕು, ಇಲ್ಲ ಊಹೂಂ ಅನ್ಬೇಕು. ಮಧ್ಯದಲ್ಲಿ ನಿಂತ್ಕೊಂಡು ಗೊಣಗೋದಲ್ಲ!" ಅಂತ ಅಕ್ಕ ಪಾತ್ರೆ ಕುಕ್ಕಿದ್ದೇ ಕುಕ್ಕಿದ್ದು.

ಇಂಥ ಮಹಾತಾಯಿ ಮನೆಯಲ್ಲಿ ಏನು ಕೇಳಿದರೂ ಹೇಳುವುದು "ನೋಡೋಣ". ಪರದೆ ಬದಲಾಯಿಸೋಣವೇ? ನೋಡೋಣ. ಭಾವ ಮೀಸೆ ತೆಗೆಯಲು ಅಪ್ಪಣೆ ಕೇಳಿ ಆರು ತಿಂಗಳಾಯಿತು, ಇನ್ನೂ ನೋಡುತ್ತಲೇ ಇದ್ದಾಳೆ. ಪುಟ್ಟಿ ಮಾತ್ರ ಕಾಯುವವಳಲ್ಲ. "ನೋಡೋಣ ಅಂದೆ, ಬೇಡ ಅನ್ಲಿಲ್ವಲ್ಲ" ಅಂತ ಸ್ಕೂಟರ್ ಕಲಿಯಲು ಹೋಗಿ ಪಕ್ಕದ ಮನೆಯ ಗೇಟು ಮುರಿದು ಬಂದಳು.

ಕಳೆದ ಶುಕ್ರವಾರ ಮಧ್ಯಾಹ್ನ ಪುಟ್ಟಿ ಒಂದು ಅರ್ಜಿ ತಂದು ಮೇಜಿನ ಮೇಲಿಟ್ಟಳು. ಸಮುದ್ರದಲ್ಲಿ ಮುಳುಗಿ, ನೀರಿನೊಳಗೇ ಹಡಗುಗಳಿಗೆ ವೆಲ್ಡಿಂಗ್ ಮಾಡುವುದನ್ನು ಕಲಿಸುವ ಶಾಲೆಯಂತೆ. ಅವಳಿಗಿನ್ನೂ ಹದಿನೇಳು, ಮನೆಯವರ ಸಹಿ ಬೇಕು. ಅವತ್ತೇ ಐದು ಗಂಟೆಗೆ ಅರ್ಜಿ ತೆಗೆದುಕೊಳ್ಳುವುದು ನಿಲ್ಲಿಸುತ್ತಾರೆ. ಭಾವ "ನಿಮ್ಮಮ್ಮ ಹೇಗಂತಾಳೋ ಹಾಗೆ" ಅಂದು ಜಾರಿಕೊಂಡರು.

ಅಕ್ಕ ಅರ್ಜಿಯನ್ನು ಎರಡು ಸಲ ಓದಿದಳು. "ನೋಡೋಣ," ಅಂದಳು.

ಪುಟ್ಟಿ ಈ ಸಲ ಓಡಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು. "ಇದನ್ನ ಹಾಗೆ ತಗೊಂಡು ಹೋಗಲ್ಲಮ್ಮ. ನೀನು ಬೇಡ ಅಂದ್ರೆ ನಿಜವಾಗ್ಲೂ ಬಿಟ್ಬಿಡ್ತೀನಿ. ಆದ್ರೆ ಬಾಯಿಬಿಟ್ಟು ಹೇಳು."

ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಅಕ್ಕ ಎದ್ದು ಹೋಗಿ, ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯತೊಡಗಿದಳು.

"ನಂಗೆ ಭಯ ಆಗತ್ತೆ ಕಣೇ," ಅಂದಳು, ನಲ್ಲಿಯ ಕಡೆ ನೋಡುತ್ತಲೇ.

"ನಂಗೂ ಆಗತ್ತೆ. ಆದ್ರೆ ಅದು ಉತ್ತರ ಅಲ್ಲಮ್ಮ."

ಅಕ್ಕ ಲೋಟ ಬೋರಲು ಹಾಕಿದಳು, ಸೆರಗಿಗೆ ಕೈ ಒರೆಸಿಕೊಂಡಳು, ಬಂದು ಪೆನ್ನು ತೆಗೆದುಕೊಂಡಳು. ಅರ್ಜಿಗೆ ಸಹಿ ಹಾಕಿದಳು.

"ಹೋಗು," ಅಂದಳು. "ಹೂಂ ಅಂತಿದೀನಿ, ಕೇಳಿಸ್ತಾ? ಹೋಗು."

ಪುಟ್ಟಿ ಅವಳನ್ನು ತಬ್ಬಿಕೊಂಡವಳು ಬಿಡಲೇ ಇಲ್ಲ. ಹೊತ್ತಾಯಿತೆಂದು ನಾನೇ ಬಿಡಿಸಿ ಕಳಿಸಬೇಕಾಯಿತು. ಬಾಗಿಲು ಹಾಕಿಕೊಂಡ ಮೇಲೆ ಭಾವ ಮೆಲ್ಲಗೆ ಕೆಮ್ಮಿದರು.

"ಹಾಗಾದ್ರೆ, ನನ್ನ ಮೀಸೆ...?"

"ಬೇಡ," ಅಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ.