ಲಯೊನೆಲನ ಮೂರು ನಕ್ಷತ್ರ
ಟೀವಿಯ ಲಯೊನೆಲ್ ಮೈಕು ಚಾಚಿದನೆಂದರೆ ಲಂಡನ್ನಿನ ಮಂತ್ರಿಗಳಿಗೆ ನಾಲಿಗೆ ಒಣಗುತ್ತದೆ. ಮೂವತ್ತು ವರ್ಷದಿಂದ ಅವನದು ಒಂದೇ ಮಾತು: "ಮಂತ್ರಿಗಳೇ, ಹೌದೋ ಅಲ್ವೋ, ಅಷ್ಟು ಹೇಳಿ ಸಾಕು." ಅದಕ್ಕೇ ರಾಜೀನಾಮೆ ಕೊಡುವವರೆಲ್ಲ ಶುಕ್ರವಾರ ಹೊತ್ತು ಮುಳುಗುವುದನ್ನು ಕಾಯುತ್ತಾರೆ. ಸಬ್ಬತ್ ಎಂಬ ವಾರದ ವಿಶ್ರಾಂತಿಯ ವ್ರತ ಹಿಡಿದ ಮೇಲೆ, ಶನಿವಾರ ಸಂಜೆ ಮೂರು ನಕ್ಷತ್ರ ಕಾಣುವವರೆಗೆ, ಯೆಹೂದಿ ಲಯೊನೆಲ್ ಫೋನು ಮುಟ್ಟುವವನಲ್ಲ. ಒಬ್ಬ ಮಂತ್ರಿಯಂತೂ ಹಿತ್ತಲಲ್ಲಿ ನಿಂತು, ಮೋಡ ಸರಿಯದಿರಲಪ್ಪಾ ಎಂದು ಬೇಡಿಕೊಂಡನಂತೆ! ನಕ್ಷತ್ರ ಎಣಿಸುವ ಕೆಲಸ ಮಾತ್ರ ಲಯೊನೆಲನ ತಾಯಿ ಗಿಟಲಳದು. ತೊಂಬತ್ತರ ಮುದುಕಿ, ವಾರಕ್ಕೊಂದೇ ದಿನ ಮಗನ ಮುಖ ಕಾಣುವವಳು, ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಾಳೆ. "ಎಷ್ಟಾಯ್ತಮ್ಮಾ?" "ಎರಡೇ ಕಣೋ, ಕೂತ್ಕೋ, ಇನ್ನೊಂದು ತುಂಡು ಮೀನು ಹಾಕ್ತೀನಿ." ಅತ್ತ ಸ್ಟುಡಿಯೋದವರು ಕಾಲು ಸುಟ್ಟ ಬೆಕ್ಕಾಗಿರುತ್ತಾರೆ, ಇತ್ತ ಅವಳ ಕಿಟಕಿಯಾಚೆ ಏಳೆಂಟು ನಕ್ಷತ್ರ ಮಿನುಗುತ್ತಿರುತ್ತವೆ. ಮಂತ್ರಿಗಳ ಸುಳ್ಳನ್ನು ಅವರು ಬಾಯಿ ತೆರೆಯುವ ಮೊದಲೇ ಹಿಡಿಯುವ ಲಯೊನೆಲ್ ಮತ್ತೆ ತಟ್ಟೆ ಚಾಚುತ್ತಾನೆ.